ಇಳಿಯುವ ದಾರಿ ತೆರವಾಗಿರಲಿ



ಕಳೆದ ಜನವರಿಯ ಒಂದು ಭಾನುವಾರ ಬೆಳಗಿನ ಬಲಿಪೂಜೆ ಮುಗಿಸಿ ಮತ್ತೊಂದು ಹಳ್ಳಿಯ ಪೂಜೆಗೆ ಹೊರಟಿದ್ದೆ. ಧಾರೂರಿನ ಸಮೀಪ ಒಂದು ಚಹಾದಂಗಡಿಯ ಮುಂದೆ ಏಳೆಂಟು ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಹೈದರಾಬಾದಿನ ಕಚೇರಿಗಳಲ್ಲಿ ಕೆಲಸ ಮಾಡುವ ತರುಣ ತರುಣಿಯರು. ವಿಕಾರಾಬಾದಿನವರೆಗೆ ಬಂದು, ಅನಂತಗಿರಿ ಗುಡ್ಡವನ್ನು ಸೈಕಲ್ಲಿನ ಮೇಲೆ ಇಳಿದು, ತಾಂಡೂರಿನ ಕಡೆ ಹೊರಟಿದ್ದರು. ಅವರಲ್ಲೊಬ್ಬ ತೆಲುಗಿನಲ್ಲಿ, "ಅಂಕಲ್, ಇಂಥದೇ ಇಳಿಜಾರಿನ ಒಳ್ಳೆಯ ದಾರಿ ಈ ಕಡೆ ಇನ್ನು ಎಲ್ಲೆಲ್ಲಿ ಇದೆ?" ಎಂದು ಕೇಳಿದ.

ಅಂಗಡಿಯವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮೂವತ್ತು ವರ್ಷದಿಂದ ಇವೇ ದಾರಿಗಳಲ್ಲಿ ಓಡಾಡಿದವನು ನಾನು. ಅವನಂತೂ ಇಲ್ಲೇ ಹುಟ್ಟಿದವನು. ಇಬ್ಬರಿಗೂ ಬಾಯಿ ಬರಲಿಲ್ಲ. ಏನೋ ಒಂದು ಗೊಣಗಿದೆ. ಆ ಹುಡುಗರು ನಕ್ಕು, ಚಹಾದ ಹಣ ಕೊಟ್ಟು, ಗಾಳಿಯಂತೆ ಹೊರಟುಹೋದರು.

ಕೃಷಿ ಮತ್ತು ಆರೋಗ್ಯದ ಈ ಅಂಕಣದಲ್ಲಿ ಸೈಕಲ್ ಸವಾರಿಯ ಮಾತೇಕೆ ಎಂದು ನೀವು ಕೇಳಬಹುದು. ಇದರಲ್ಲಿ ನಮ್ಮ ಮಣ್ಣಿನ ವಿಷಯವಿದೆ, ನಮ್ಮ ಮೈಯ ವಿಷಯವಿದೆ, ಕೊನೆಯಲ್ಲಿ ನಮ್ಮ ತೊಗರಿಯ ವಿಷಯವೂ ಇದೆ. ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಮಣ್ಣು ಹೇಳುವ ಮಾತು

ಇಳಿಜಾರು ಎಲ್ಲಿದೆ ಎಂದು ತಿಳಿಯಲು ರೈತನಿಗೆ ನಕ್ಷೆ ಬೇಡ. ಕಾಲಕೆಳಗಿನ ಮಣ್ಣೇ ಹೇಳುತ್ತದೆ. ಬೀದರದಿಂದ ಜಹೀರಾಬಾದ್, ಕೋಹೀರ್ ದಾಟಿ ವಿಕಾರಾಬಾದಿನವರೆಗೆ ನಮ್ಮ ಭೂಮಿ ಒಂದು ದೊಡ್ಡ ಜಗುಲಿಯಂತಿದೆ. ಜಗುಲಿಯ ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು ಮತ್ತು ಅದು ಸವೆದು ಆದ ಕೆಂಪು ಮಣ್ಣು. ಜಹೀರಾಬಾದಿನ ಶುಂಠಿ, ಆಲೂಗಡ್ಡೆ ಬೆಳೆಯುವುದು ಇಲ್ಲಿ. ಅದರ ಕೆಳಗಿನ ಪದರ ಕರಿಕಲ್ಲು. ಅದು ಸವೆದು ಆದದ್ದು ತೊಗರಿ, ಕಡಲೆ, ಹಿಂಗಾರಿ ಜೋಳ ಕೊಡುವ ನಮ್ಮ ಎರೆ ಭೂಮಿ. ಇನ್ನೂ ಕೆಳಗೆ, ತಾಂಡೂರಿನ ಹತ್ತಿರ, ಪದರ ಪದರವಾಗಿ ಏಳುವ ಸುಣ್ಣಕಲ್ಲು. ನಮ್ಮ ಮನೆ, ದೇವಾಲಯ, ಶಾಲೆಗಳಲ್ಲಿ ಹಾಸಿರುವ ತಾಂಡೂರು ಫರ್ಸಿ ಅದೇ.

ಆದ್ದರಿಂದ ಮೊದಲನೆಯ ಸೂತ್ರ ಇದು: ಕೆಂಪು ಮಣ್ಣಿನ ಹೊಲ ಮುಗಿದು ಕರಿಮಣ್ಣಿನ ಹೊಲ ಶುರುವಾಗುವ ಕಡೆ ದಾರಿ ಬಹುಮಟ್ಟಿಗೆ ಇಳಿಯುತ್ತದೆ. ಸೈಕಲ್ಲಿಗೆ ಸುಖವಾದ ಇಳಿಜಾರು ಸಿಗುವುದು ಆ ಅಂಚಿನಲ್ಲಿ.

ಎರಡನೆಯದು ನೀರು. ಅನಂತಗಿರಿಯ ನೆತ್ತಿಯ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಪೂರ್ವಕ್ಕೆ ಹರಿದು ಮೂಸಿ ನದಿಯಾಗಿ ಹೈದರಾಬಾದ್ ಸೇರುತ್ತದೆ. ಇನ್ನೊಂದು ಪಾಲು ಪಶ್ಚಿಮಕ್ಕೆ ಇಳಿದು ಕಾಗಿಣಾ ಆಗಿ ತಾಂಡೂರನ್ನು ದಾಟಿ, ಮಳಖೇಡದ ಕೋಟೆಯ ಬುಡ ತೊಳೆದು ಭೀಮೆಗೆ ಸೇರುತ್ತದೆ. ಕೊನೆಗೆ ಎರಡೂ ಕೃಷ್ಣೆಯೇ. ಜಗುಲಿಯ ಉತ್ತರದ ನೀರು ಮಂಜೀರಾಕ್ಕೆ ಹೋಗುತ್ತದೆ. ಹಳ್ಳ ಯಾವ ಕಡೆ ಹರಿಯುತ್ತದೋ ಆ ಕಡೆ ಹೋಗುವ ರಸ್ತೆ ಇಳಿಯುತ್ತದೆ. ಇದು ಮಕ್ಕಳಿಗೂ ತಿಳಿಯುವ ಲೆಕ್ಕ.

ಜಹೀರಾಬಾದ್, ನಾರಾಯಣಖೇಡ ಹಿಂದೆ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರ್ಗಿ ಜಿಲ್ಲೆಯಲ್ಲಿತ್ತು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ಅವು ಆಂಧ್ರಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಗೆರೆ ಎರಡು ಸಲ ಬದಲಾದರೂ ಇಳಿಜಾರು ಬದಲಾಗಲಿಲ್ಲ. ಕಾಗಿಣಾ ಇಂದಿಗೂ ಯಾರ ಅಪ್ಪಣೆಯೂ ಇಲ್ಲದೆ ಗಡಿ ದಾಟುತ್ತಾಳೆ.

ಮೂರನೆಯದು ರೈಲ್ವೆ ನಿಲ್ದಾಣದ ಹಳದಿ ಫಲಕ. ಊರ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಆ ಜಾಗದ ಎತ್ತರವನ್ನು ಮೀಟರಿನಲ್ಲಿ ಬರೆದಿರುತ್ತಾರೆ. ಎಷ್ಟು ಜನ ಅದನ್ನು ಓದಿದ್ದೇವೆ? ವಿಕಾರಾಬಾದ್ ಸುಮಾರು 630 ಮೀಟರ್, ತಾಂಡೂರು ಸುಮಾರು 450. ಕಳೆದರೆ 180 ಮೀಟರ್. ಅಂದರೆ ಸುಮಾರು 590 ಅಡಿಯ ಇಳಿತ ಆ ಎರಡು ಊರುಗಳ ನಡುವೆ ಇದೆ. ಎರಡು ಫಲಕ ಓದಿ ಕಳೆಯುವ ಲೆಕ್ಕ ಮಾಡಿದರೆ ಯಾವ ಕಡೆಯಿಂದ ಹೊರಡಬೇಕು ಎಂಬುದು ತಿಳಿದಂತೆಯೇ. ಇಂದು ಮೊಬೈಲಿನ ನಕ್ಷೆಯಲ್ಲೂ ಇದನ್ನು ನೋಡಬಹುದು.

ಎಷ್ಟು ಇಳಿಜಾರು ಸುಖ?

ಕಡಿದಾದಷ್ಟೂ ಮಜಾ ಎಂದು ಹುಡುಗರು ತಿಳಿಯುತ್ತಾರೆ. ಅದು ತಪ್ಪು. ನೂರು ಮೀಟರ್ ದಾರಿಗೆ ಒಂದು ಮೀಟರ್ ಇಳಿತವಿದ್ದರೆ ಸೈಕಲ್ಲು ತಾನಾಗಿ ಮೆಲ್ಲಗೆ ಉರುಳುತ್ತದೆ. ಮೂರು ಮೀಟರ್ ಇಳಿತವಿದ್ದರೆ, ನೆಟ್ಟಗೆ ಕೂತ ಸವಾರನಿಗೆ ಪೆಡಲ್ ತುಳಿಯದೆಯೇ ಸುಮಾರು 25 ಕಿ.ಮೀ. ವೇಗ ಬರುತ್ತದೆ. ಸುಖವೆಂದರೆ ಇದೇ: ಕಿವಿಯಲ್ಲಿ ಗಾಳಿಯ ಸದ್ದು, ಪಕ್ಕದ ಹೊಲದ ಜೋಳದ ತೆನೆ ಕಾಣುವಷ್ಟು ಬಿಡುವು, ಎದುರಿಗೆ ಎಮ್ಮೆ ಬಂದರೆ ನಿಲ್ಲಿಸುವಷ್ಟು ಹಿಡಿತ. ನೂರಕ್ಕೆ ಎಂಟು ಮೀಟರ್ ಇಳಿತವಿದ್ದರೆ ವೇಗ 45ರ ಹತ್ತಿರ ಹೋಗುತ್ತದೆ. ಅಲ್ಲಿ ಕಣ್ಣು ರಸ್ತೆ ಬಿಟ್ಟು ಬೇರೇನೂ ನೋಡದು, ಕೈ ಬ್ರೇಕ್ ಬಿಟ್ಟು ಬೇರೇನೂ ಹಿಡಿಯದು.

ಇನ್ನೊಂದು ಲೆಕ್ಕ. 20 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದರೆ ಸಮತಟ್ಟಿನ ಒಣ ದಾರಿಯಲ್ಲಿ ನಾಲ್ಕೈದು ಮೀಟರಿನಲ್ಲಿ ಸೈಕಲ್ಲು ನಿಲ್ಲುತ್ತದೆ. ವೇಗ 40 ಆದರೆ ಬೇಕಾಗುವ ದೂರ ಎರಡರಷ್ಟಲ್ಲ, ನಾಲ್ಕರಷ್ಟು. ಇದಲ್ಲದೆ ಕಣ್ಣು ನೋಡಿ ಕೈ ಬ್ರೇಕ್ ಹಿಡಿಯುವ ಆ ಒಂದು ಸೆಕೆಂಡಿನಲ್ಲೇ ಹನ್ನೊಂದು ಮೀಟರ್ ಹೋಗಿರುತ್ತೇವೆ. ಇಳಿಜಾರಿನಲ್ಲಿ ಇದೂ ಸಾಲದು. ಈ ಅಂಕಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ನಾಲ್ಕು ದಾರಿಗಳು

ಚಹಾದಂಗಡಿಯ ಮುಂದೆ ಆ ಹುಡುಗನಿಗೆ ಕೊಡಲಾಗದ ಉತ್ತರವನ್ನು ಈಗ ನಿಮಗೆ ಕೊಡುತ್ತೇನೆ. ಬೆಂಗಳೂರಿನವರು ನಂದಿಬೆಟ್ಟಕ್ಕೆ ಹೋಗುತ್ತಾರೆ, ಮೈಸೂರಿನವರಿಗೆ ಚಾಮುಂಡಿ ಬೆಟ್ಟವಿದೆ. ನಮ್ಮಲ್ಲಿ ಅಂಥ ಎತ್ತರವಿಲ್ಲ, ಆದರೆ ಸೌಮ್ಯವಾದ ದಾರಿಗಳಿವೆ.

ಒಂದು, ಅನಂತಗಿರಿಯಿಂದ ತಾಂಡೂರು. ವಿಕಾರಾಬಾದಿನಿಂದ ಒಟ್ಟು ಸುಮಾರು 40 ಕಿ.ಮೀ. ಮೊದಲು ಅನಂತ ಪದ್ಮನಾಭಸ್ವಾಮಿ ಗುಡಿಯಿರುವ ಗುಡ್ಡದವರೆಗೆ ಏರಬೇಕು. ನಂತರ ಕಾಡಿನ ನಡುವೆ ತಿರುವುಗಳ ಘಾಟಿ. ಅದು ಮುಗಿದ ಮೇಲೆ ಧಾರೂರಿನ ಮೂಲಕ ಹೋಗುವ ದಾರಿ ಬಹುಪಾಲು ಸಮತಟ್ಟು, ತುಸು ಪೆಡಲ್ ತುಳಿಯಲೇಬೇಕು. ಧಾರೂರು ನಿಮ್ಮಲ್ಲಿ ಹಲವರಿಗೆ ಗೊತ್ತು, ನವೆಂಬರಿನ ಮೆಥೋಡಿಸ್ಟ್ ಜಾತ್ರೆಗೆ ನಮ್ಮ ಕಡೆಯ ನೆಂಟರಿಷ್ಟರು ಹೋಗುತ್ತಾರೆ. ಈ ದಾರಿಯ ದೊಡ್ಡ ಅನುಕೂಲ ರೈಲು. 1874ರಲ್ಲಿ ವಾಡಿ–ಸಿಕಂದರಾಬಾದ್ ಮಾರ್ಗ ತೆರೆದಾಗಿನಿಂದ ರೈಲು ಈ ಏರಿಳಿತದ ಮೇಲೆಯೇ ಓಡುತ್ತಿದೆ. ತಾಂಡೂರಿನವರು ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಿ ವಿಕಾರಾಬಾದಿಗೆ ಹೋಗಿ ಇಳಿದು ಬರಬಹುದು. ಅಥವಾ ನಾಲ್ಕು ಜನ ಸೇರಿ ಗೂಡ್ಸ್ ಆಟೋ ಮಾಡಿಕೊಳ್ಳಬಹುದು. ಭಾನುವಾರ ಮಧ್ಯಾಹ್ನ ಕಾರುಗಳ ಜಾತ್ರೆ ನೆರೆಯುವುದರಿಂದ ಬೆಳಿಗ್ಗೆ ಬೇಗ ಇಳಿಯಬೇಕು.

ಎರಡು, ಜಹೀರಾಬಾದಿನಿಂದ ಝರಾಸಂಗಮ, ರಾಯಿಕೋಡಿನ ಕಡೆ. ಜಹೀರಾಬಾದ್ ಸುಮಾರು 620 ಮೀಟರ್ ಎತ್ತರದಲ್ಲಿದೆ. ಮಂಜೀರಾಕ್ಕೆ ಕಟ್ಟಿದ ಸಿಂಗೂರು ಜಲಾಶಯ ತುಂಬಿದಾಗ ಅದರ ನೀರಿನ ಮಟ್ಟ 523 ಮೀಟರ್ ಚಿಲ್ಲರೆ. ಹತ್ತಿರ ಹತ್ತಿರ ನೂರು ಮೀಟರಿನ ಈ ಇಳಿತ ಒಮ್ಮೆಲೇ ಬರದೆ ಅಲೆ ಅಲೆಯಾಗಿ ಬರುತ್ತದೆ: ಎರಡು ಹೆಜ್ಜೆ ಇಳಿದರೆ ಒಂದು ಹೆಜ್ಜೆ ಏರು. ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಯ ಹತ್ತಿರ ನೆರಳೂ ಚಹಾವೂ ಸಿಗುತ್ತವೆ. ಹೊಸಬರಿಗೆ, ಹೆಣ್ಣುಮಕ್ಕಳಿಗೆ, ನನ್ನಂಥ ಐವತ್ತು ದಾಟಿದವರಿಗೆ ಇದೇ ಮೊದಲ ಪಾಠ. ನಾರಾಯಣಖೇಡದವರು ನೆನಪಿಡಬೇಕಾದದ್ದು, ನಿಮಗೆ ಮಂಜೀರಾದವರೆಗೆ ಇಳಿತ, ಆಮೇಲೆ ಊರಿನ ಕಡೆ ಏರು. ಏರಿಗೆ ಕಾಲಲ್ಲಿ ಬಲ ಉಳಿಸಿಕೊಳ್ಳಿ.

ಮೂರು, ಬೀದರದ ಅಂಚು. ಸುಮಾರು 2,300 ಅಡಿ ಎತ್ತರದ ಜಗುಲಿಯ ಮೇಲೆ ಕೋಟೆ, ಊರು. ಅಲ್ಲಿಂದ ಮೂರ್ನಾಲ್ಕು ಕಿ.ಮೀ. ಪೂರ್ವಕ್ಕೆ, ಕೆಳಗಿನ ಬಯಲಿನಲ್ಲಿ ಅಷ್ಟೂರು ಮತ್ತು ಬಹಮನಿ ಸುಲ್ತಾನರ ಗೋರಿಗಳು. ಇಳಿಜಾರು ಚಿಕ್ಕದು, ಆದರೆ ಕೆಂಪು ನೆಲದಿಂದ ಹಸಿರು ಬಯಲಿಗೆ ಇಳಿಯುವ ನೋಟ ದೊಡ್ಡದು. ಮಕ್ಕಳಿಗೆ ಇತಿಹಾಸವೂ ಭೂಗೋಳವೂ ಒಂದೇ ಗಂಟೆಯಲ್ಲಿ ಆಗುತ್ತದೆ.

ನಾಲ್ಕು, ಕುಂಚಾವರಂ ಕಾಡಿನ ಮೂಲಕ ಚಿಂಚೋಳಿಯ ಕಡೆ. ಚಿಂಚೋಳಿ ಸುಮಾರು 460 ಮೀಟರ್ ಎತ್ತರದ್ದು, ಆದ್ದರಿಂದ ಜಹೀರಾಬಾದಿನ ಜಗುಲಿಯಿಂದ ಅಲ್ಲಿಗೆ ಒಳ್ಳೆಯ ಇಳಿತವಿದೆ. ಚಿಂಚೋಳಿ ವನ್ಯಧಾಮದ ಈ ಸೀಮೆಯಲ್ಲಿ ಜನಸಂಚಾರ ಕಡಿಮೆ. ಒಬ್ಬರೇ ಹೋಗಬೇಡಿ, ಬಿಸಿಲಿರುವಾಗಲೇ ಕಾಡು ದಾಟಿ.

ಹೈದರಾಬಾದ್–ಸೊಲ್ಲಾಪುರದ 65ನೇ ರಾಷ್ಟ್ರೀಯ ಹೆದ್ದಾರಿಯನ್ನು ನಾನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಅಲ್ಲೂ ಇಳಿಜಾರುಗಳಿವೆ. ಆದರೆ ಲಾರಿಗಳ ನಡುವೆ ಸಿಗುವ ಇಳಿಜಾರು ವಿಹಾರದ ಜಾಗವಲ್ಲ.

ಮೈಗೆ ಏನು ಲಾಭ?

ನನಗೆ ಸಕ್ಕರೆ ಕಾಯಿಲೆ ಬಂದು ಆರು ವರ್ಷವಾಯಿತು. ಡಾಕ್ಟರು ನಡೆಯಲು ಹೇಳಿದರು. ನಡೆದರೆ ಮಂಡಿ ನೋವು. ಆಗ ಸೈಕಲ್ ಸಲಹೆ ಮಾಡಿದರು. ಸೈಕಲ್ಲಿನಲ್ಲಿ ಮೈಯ ಭಾರವನ್ನು ಸೀಟು ಹೊರುವುದರಿಂದ ಮಂಡಿಗೆ ಪೆಟ್ಟು ಕಡಿಮೆ. ಸೀಟು ಮಾತ್ರ ಸರಿಯಾದ ಎತ್ತರದಲ್ಲಿರಬೇಕು: ಪೆಡಲ್ ಕೆಳಗೆ ಬಂದಾಗ ಮಂಡಿ ತುಸುವೇ ಮಡಚಿರಬೇಕು. ನಮ್ಮವರಲ್ಲಿ ಹೆಚ್ಚಿನವರು ಸೀಟನ್ನು ತೀರಾ ಕೆಳಗಿಟ್ಟು ಮಂಡಿ ನೋಯಿಸಿಕೊಳ್ಳುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಂತೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕು. "ರೈತನಿಗೆ ಶ್ರಮದ ಉಪದೇಶವೇ, ಫಾದರ್?" ಎಂದು ನೀವು ನಗಬಹುದು. ಆದರೆ ಎದೆ ಮುಟ್ಟಿ ಹೇಳಿ. ಉಳುವುದು ಟ್ರ್ಯಾಕ್ಟರು, ರಾಶಿ ಮಾಡುವುದು ಯಂತ್ರ, ಹೊಲಕ್ಕೆ ಹೋಗುವುದು ಮೋಟಾರ್ ಬೈಕು. ಬಿತ್ತನೆ ಮತ್ತು ಸುಗ್ಗಿಯ ಕೆಲವು ವಾರ ಬಿಟ್ಟರೆ ಉಳಿದ ದಿನಗಳಲ್ಲಿ ಗಂಡಸರ ಮೈ ಎಷ್ಟು ದಣಿಯುತ್ತದೆ? ಹೆಣ್ಣುಮಕ್ಕಳ ಮಾತು ಬೇರೆ, ಅವರು ಇಂದಿಗೂ ಬಗ್ಗಿ ದುಡಿಯುತ್ತಿದ್ದಾರೆ. ಅವರಿಗೆ ಬೇಕಾದದ್ದು ಇನ್ನಷ್ಟು ಶ್ರಮವಲ್ಲ, ಒಂದು ದಿನದ ಸಂತೋಷ.

ಸತ್ಯವನ್ನೂ ಹೇಳಬೇಕು: ಬರೀ ಇಳಿಯುವುದು ವ್ಯಾಯಾಮವಲ್ಲ. ಇಳಿಯುವಾಗ ಕಾಲು ಸುಮ್ಮನಿರುತ್ತದೆ, ದುಡಿಯುವುದು ಕೈ, ಕುತ್ತಿಗೆ, ಕಣ್ಣು. ಮೈಗೆ ಲಾಭ ಬರುವುದು ಏರುವಾಗ ಮತ್ತು ಸಮತಟ್ಟಿನಲ್ಲಿ ತುಳಿಯುವಾಗ. ಇಳಿಜಾರು ಅದಕ್ಕೆ ಸಿಗುವ ಬಹುಮಾನ. ಬಹುಮಾನವಿಲ್ಲದೆ ಯಾರೂ ಏರುವುದಿಲ್ಲ. ನನ್ನ ಅನುಭವದಲ್ಲಿ, ಮಾತ್ರೆಯಂತೆ ನುಂಗಿದ ವ್ಯಾಯಾಮ ತಿಂಗಳಿಗೆ ನಿಂತುಹೋಗುತ್ತದೆ, ಸಂತೋಷಕ್ಕೆ ಮಾಡಿದ್ದು ಉಳಿಯುತ್ತದೆ.

ಕೆಲವು ಎಚ್ಚರಿಕೆಗಳು. ಎದೆನೋವು, ತಲೆಸುತ್ತು ಇರುವವರು ಡಾಕ್ಟರರನ್ನು ಕೇಳಿಯೇ ಹೊರಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಜೇಬಿನಲ್ಲಿ ಬೆಲ್ಲದ ತುಂಡು ಇರಲಿ. ಚಳಿಗಾಲದ ಬೆಳಿಗ್ಗೆ ಇಳಿಯುವಾಗ ಎದೆಗೆ ತಣ್ಣನೆ ಗಾಳಿ ಬಡಿಯುತ್ತದೆ, ಉಬ್ಬಸ ಇರುವವರು ಮೂಗು ಬಾಯಿಗೆ ವಸ್ತ್ರ ಕಟ್ಟಿಕೊಳ್ಳಬೇಕು. ನೀರು, ಹೆಲ್ಮೆಟ್ ಎಲ್ಲರಿಗೂ.

ಬ್ರೇಕಿನ ಮಾತು

80 ಕಿಲೋ ತೂಗುವ ಸವಾರ–ಸೈಕಲ್ ಜೋಡಿ 180 ಮೀಟರ್ ಇಳಿದಾಗ ಬಿಡುಗಡೆಯಾಗುವ ಶಕ್ತಿ ಅರ್ಧ ಲೀಟರಿಗೆ ತುಸು ಕಡಿಮೆ ನೀರನ್ನು ಕುದಿ ಬರಿಸುವಷ್ಟು. ಅದರಲ್ಲಿ ಗಾಳಿ ಮತ್ತು ನೆಲ ತಿಂದು ಉಳಿದದ್ದನ್ನು ಬ್ರೇಕಿನ ಎರಡು ಜೊತೆ ರಬ್ಬರ್ ತುಂಡುಗಳು ತಿನ್ನಬೇಕು. ಆದ್ದರಿಂದ ಹೊರಡುವ ಮುಂಚೆ ಅವನ್ನು ನೋಡಿ. ಸವೆದಿದ್ದರೆ ಬದಲಿಸಿ, ಅದಕ್ಕೆ ಆಗುವ ಖರ್ಚು ಹೆಚ್ಚೇನಲ್ಲ. ಇಳಿಯುವಾಗ ಎರಡೂ ಬ್ರೇಕುಗಳನ್ನು ಬಳಸಿ, ಹಿಡಿದು ಬಿಡಿ, ಹಿಡಿದು ಬಿಡಿ. ಒಂದೇ ಸಮನೆ ಹಿಡಿದುಕೊಂಡರೆ ರಿಮ್ಮು ಕಾಯುತ್ತದೆ. ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿದರೆ ತಲೆಕೆಳಗಾಗಿ ಬೀಳುತ್ತೀರಿ. ತಿರುವು ಬರುವ ಮುಂಚೆ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಹಿಡಿಯಬೇಡಿ. ನಿಮ್ಮ ತಂದೆಯ ಕಾಲದ ರಾಡ್ ಬ್ರೇಕಿನ ಕರಿ ಸೈಕಲ್ಲು ಮನೆಯಲ್ಲಿದ್ದರೆ ಸಮತಟ್ಟಿನ ದಾರಿಗೆ ಅದು ಇಂದಿಗೂ ರಾಜ. ಆದರೆ ಮಳೆಯಲ್ಲಿ ಅದರ ಹೊಳೆಯುವ ರಿಮ್ಮಿನ ಮೇಲೆ ರಬ್ಬರ್ ಜಾರುತ್ತದೆ, ಘಾಟಿಗೆ ಅದು ಬೇಡ.

ನನ್ನ ಬೀಳು

ಈಗ ಈ ಲೇಖನ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ.

ಚಹಾದಂಗಡಿಯ ಪ್ರಶ್ನೆ ಕೇಳಿಸಿಕೊಂಡ ಎರಡು ವಾರಕ್ಕೆ ನಮ್ಮ ಯುವಜನರೊಬ್ಬರ ಗೇರ್ ಸೈಕಲ್ಲು ಕೇಳಿ ಪಡೆದು ನಾನೂ ಒಂದು ದಾರಿಯನ್ನು ಪರೀಕ್ಷಿಸಲು ಹೊರಟೆ. ಚಳಿಗಾಲ, ಒಣ ರಸ್ತೆ, ಸ್ವಚ್ಛ ಬೆಳಕು. ನಮ್ಮಲ್ಲಿ ಮುಂಗಾರಿನ ಗಾಳಿ ಪಶ್ಚಿಮದಿಂದ ಬಂದು ಎದೆಗೆ ಹೊಡೆದರೆ, ಚಳಿಗಾಲದ ಗಾಳಿ ಪೂರ್ವದಿಂದ ಬಂದು ಬೆನ್ನು ತಳ್ಳುತ್ತದೆ. ತೂರುವ ಕೆಲಸ ಮಾಡಿದ ನಿಮಗೆ ಇದನ್ನು ನಾನು ಹೇಳಬೇಕಾಗಿಲ್ಲ. ಇಳಿಜಾರಿನ ಮೇಲೆ ಸೈಕಲ್ಲು ಹಕ್ಕಿಯಂತೆ ಹೋಯಿತು. ಬಹಳ ವರ್ಷಗಳ ನಂತರ ಒಬ್ಬನೇ ಗಟ್ಟಿಯಾಗಿ ನಕ್ಕೆ.

ಹಳ್ಳಿಯೊಂದಕ್ಕೆ ಮುಂಚೆ ಎಡ ತಿರುವು. ತಿರುಗಿದ ಕೂಡಲೇ ರಸ್ತೆಯ ಅರ್ಧದಷ್ಟು ತೊಗರಿ ಹಾಸಿತ್ತು, ಸುತ್ತಲೂ ತಲೆ ಗಾತ್ರದ ಕಲ್ಲುಗಳು. ಎದುರಿನಿಂದ ಟ್ರ್ಯಾಕ್ಟರು. ಮೇಲೆ ಹೇಳಿದ ಲೆಕ್ಕ ನನಗೆ ಆಗ ಗೊತ್ತಿರಲಿಲ್ಲ, ಗೊತ್ತಿದ್ದರೂ ಸಮಯವಿರಲಿಲ್ಲ. ತೊಗರಿ ಕಟ್ಟಿಗೆಯ ಮೇಲೆ ಚಕ್ರ ಜಾರಿತು. ಮೊಣಕೈ ತರಚಿ, ಮಣಿಕಟ್ಟು ಉಳುಕಿ, ಮೂರು ವಾರ ಒಂದೇ ಕೈಯಲ್ಲಿ ಪೂಜೆ ಮಾಡಿದೆ. ತಲೆ ಕಲ್ಲಿಗೆ ತಾಗಲಿಲ್ಲ ಎನ್ನುವುದಷ್ಟೇ ಇಂದು ಈ ಅಂಕಣ ಬರೆಯುತ್ತಿರುವುದರ ಗುಟ್ಟು.

ಬೆಳೆಯ ಯಜಮಾನ ಓಡಿ ಬಂದು ಎತ್ತಿದ. ನನ್ನ ಸಿಟ್ಟು ನೋಡಿ ತಲೆ ತಗ್ಗಿಸಿ, "ಏನ್ ಮಾಡ್ಲಿ ಫಾದರ್, ಹೊಲದಾಗ ನೆಲ ಬಿರುಕು ಬಿಟ್ಟದ, ಕಾಳೆಲ್ಲ ಬಿರುಕಿನಾಗ ಹೋಗ್ತದ. ಮನಿ ಮುಂದ ಜಾಗ ಇಲ್ಲ. ಕಣ ಎಲ್ಲದ ಹೇಳ್ರಿ?" ಎಂದ.

ಆ ಪ್ರಶ್ನೆಗೂ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವಾರದಲ್ಲಿ ಎರಡನೆಯ ಸಲ.

ನನ್ನ ಅಭಿಪ್ರಾಯ

ಇದನ್ನು ನ್ಯಾಯವಾಗಿ ನೋಡೋಣ. ರೈತ ರಸ್ತೆಗೆ ಬರುವುದು ಸೋಮಾರಿತನದಿಂದಲ್ಲ. ಹಿಂದೆ ಊರಿಗೊಂದು ಕಣವಿತ್ತು. ನೆಲ ನೆನೆಸಿ, ಎತ್ತು ತುಳಿಸಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಡುತ್ತಿದ್ದೆವು. ಈಗ ಆ ಜಾಗದಲ್ಲಿ ಮನೆಗಳೆದ್ದಿವೆ, ಎತ್ತುಗಳಿಲ್ಲ. ಡಾಂಬರು ರಸ್ತೆ ಗಟ್ಟಿ, ಬಿಸಿ, ಬಿರುಕಿಲ್ಲದ್ದು. ಹೋಗಿ ಬರುವ ಲಾರಿ ಪುಕ್ಕಟೆ ತುಳಿದುಕೊಡುತ್ತದೆ. ಅದರಲ್ಲೂ ಇಳಿಜಾರು ಗಾಳಿ ಬೀಸುವ ಜಾಗ, ನೀರು ನಿಲ್ಲದ ಜಾಗ. ಹೀಗೆ ಸೈಕಲ್ಲಿಗೆ ಯಾವ ದಾರಿ, ಯಾವ ತಿಂಗಳು ಒಳ್ಳೆಯದೋ ತೊಗರಿಗೂ ಅದೇ ದಾರಿ, ಅದೇ ತಿಂಗಳು ಒಳ್ಳೆಯದಾಗಿದೆ. ಜಗಳದ ಮೂಲ ಇಷ್ಟೇ.

ಆದರೂ ನನ್ನ ಅಭಿಪ್ರಾಯ ಸ್ಪಷ್ಟ: ಇಳಿಜಾರಿನ ಮೇಲೆ, ತಿರುವಿನ ಹಿಂದೆ ಬೆಳೆ ಹಾಸುವುದು ತಪ್ಪು. ರಾತ್ರಿ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಮನೆಗೆ ಹೋಗುವುದು ಅದಕ್ಕಿಂತ ದೊಡ್ಡ ತಪ್ಪು.

"ಪಟ್ಟಣದವರ ಆಟಕ್ಕೆ ನಾವೇಕೆ ಜಾಗ ಬಿಡಬೇಕು? ಅವರಿಗೆ ಊರಲ್ಲೇ ದಾರಿ ಇದೆಯಲ್ಲ" ಎಂದು ಒಬ್ಬರು ನನ್ನನ್ನು ಕೇಳಿದರು. ನಿಜ, ಹೈದರಾಬಾದಿನ ಹೊರವರ್ತುಲ ರಸ್ತೆಯ ಬದಿಗೆ ಸೌರ ಫಲಕಗಳ ಚಾವಣಿ ಹೊದಿಸಿದ 23 ಕಿ.ಮೀ. ಸೈಕಲ್ ದಾರಿ 2023ರ ಅಕ್ಟೋಬರಿನಲ್ಲಿ ತೆರೆಯಿತು. ಆದರೆ ನಮ್ಮ ದಾರಿಯಲ್ಲಿ ಬೀಳುವವರು ಪಟ್ಟಣದವರಷ್ಟೇ ಅಲ್ಲ. ಅವರು ಹಗಲು ಬೆಳಕಿನಲ್ಲಿ, ಹೆಲ್ಮೆಟ್ ಹಾಕಿಕೊಂಡು, ಒಳ್ಳೆಯ ಬ್ರೇಕಿನ ಸೈಕಲ್ಲಿನಲ್ಲಿ ವಾರಕ್ಕೊಮ್ಮೆ ಬರುತ್ತಾರೆ. ಪ್ರತಿದಿನ ಬರುವವರು ಯಾರು? ಟ್ಯೂಷನ್ ಮುಗಿಸಿ ಕತ್ತಲಲ್ಲಿ ಬರುವ ನಿಮ್ಮ ಮಗಳು. ಹಾಲಿನ ಕ್ಯಾನು ಕಟ್ಟಿಕೊಂಡು ನಸುಕಿನಲ್ಲಿ ಹೊರಡುವ ನಿಮ್ಮ ತಮ್ಮ. ಸಂತೆಯಿಂದ ಬೈಕಿನಲ್ಲಿ ಹೆಂಡತಿ ಮಗುವನ್ನು ಕೂರಿಸಿಕೊಂಡು ಬರುವ ನಿಮ್ಮ ಅಳಿಯ. ಅವರಲ್ಲಿ ಯಾರ ತಲೆಗೆ ಹೆಲ್ಮೆಟ್ ಇದೆ?

ಕಾನೂನಿನ ಮಾತೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮಿನ ಪ್ರಕಾರ ಸಾರ್ವಜನಿಕ ದಾರಿಗೆ ಅಡ್ಡಿ, ಅಪಾಯ ಒಡ್ಡಿದವರಿಗೆ 5,000 ರೂಪಾಯಿವರೆಗೆ ದಂಡ ಹಾಕಬಹುದು. ಹಳೆಯ ದಂಡಸಂಹಿತೆಯಲ್ಲಿ ಇದು 200 ರೂಪಾಯಿ ಇತ್ತು. ಆದರೆ ದಂಡದ ಹೆದರಿಕೆಯಿಂದ ನೀವು ಬೆಳೆ ಎತ್ತಿಕೊಳ್ಳಬೇಕೆಂದು ನಾನು ಬಯಸುವುದಿಲ್ಲ. ಕಣವಿಲ್ಲದವನಿಗೆ ದಂಡ ಹಾಕಿದರೆ ಅವನು ಮುಂದಿನ ತಿರುವಿಗೆ ಹೋಗಿ ಹಾಸುತ್ತಾನೆ, ಅಷ್ಟೇ.

ಇನ್ನು ಲಾಭ ನಷ್ಟ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಊರ ಹೆಸರಿನಿಂದ ಬೆಲೆ ಬರುವ ಕಾಳು ಅದು. ಅಂಥ ಕಾಳಿಗೆ ಲಾರಿಯ ಎಣ್ಣೆ, ಟೈರಿನ ಧೂಳು, ಜಲ್ಲಿಕಲ್ಲು ಬೆರೆಸುವುದು ಜಾಣತನವೇ? ಖರೀದಿ ಕೇಂದ್ರದಲ್ಲಿ ಶೇ. 12ಕ್ಕಿಂತ ಹೆಚ್ಚು ತೇವ ಇರಬಾರದು, ಕಲ್ಲುಮಣ್ಣೂ ಇರಬಾರದು. ಚಕ್ರ ಹತ್ತಿ ಒಡೆದ ಕಾಳನ್ನು ಯಾರು ಪೂರ್ತಿ ಬೆಲೆಗೆ ಕೊಳ್ಳುತ್ತಾರೆ?

ಹಾಗಾದರೆ ಕಣ ಎಲ್ಲಿ?

ತೆಲಂಗಾಣದಲ್ಲಿ ಕೆಲವು ವರ್ಷಗಳ ಹಿಂದೆ ಉದ್ಯೋಗ ಖಾತರಿ ಯೋಜನೆಯಡಿ ರೈತರ ಹೊಲಗಳಲ್ಲೇ ಸಿಮೆಂಟಿನ ಕಣಗಳನ್ನು ಕಟ್ಟಲಾಯಿತು. ತೆಲುಗಿನಲ್ಲಿ ಅವನ್ನು ಕಲ್ಲಾಲು ಎನ್ನುತ್ತಾರೆ. 2022ರಲ್ಲಿ ಆ ಹಣದ ವಿಷಯವಾಗಿ ಕೇಂದ್ರಕ್ಕೂ ರಾಜ್ಯಕ್ಕೂ ವಿವಾದವಾಯಿತು. ದೊಡ್ಡವರ ವಿವಾದ ಮುಗಿಯುವವರೆಗೆ ತೊಗರಿ ಕಾಯುವುದಿಲ್ಲ. ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ.

ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಘಟಕಗಳಿವೆ. ಮೂಲೆ ಮುರಿದ, ಬಣ್ಣ ಕೂಡದ ಫರ್ಸಿ ಅಲ್ಲಿ ಹಿಂದೆ ಬೀಳುತ್ತದೆ. ಮನೆಗೆ ಹಾಸಲು ಬಾರದ ಕಲ್ಲು ಕಣಕ್ಕೆ ಚೆನ್ನಾಗಿಯೇ ಆಗುತ್ತದೆ. ಗಟ್ಟಿ, ಬೇಗ ಬಿಸಿಯಾಗುತ್ತದೆ, ಬಿರುಕು ಬಿಡುವುದಿಲ್ಲ. ಹತ್ತು ಮನೆಯವರು ಸೇರಿ ಒಂದು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟರೆ ಒಂದು ಓಣಿಗೆ ಸಾಲುವ ಕಣವಾಗುತ್ತದೆ. ತುಸು ಇಳಿಜಾರಾಗಿ ಹಾಸಿ, ಅಕಾಲ ಮಳೆ ಬಂದರೆ ನೀರು ಹರಿದುಹೋಗಲಿ. ಇಳಿಜಾರಿನ ಉಪಯೋಗ ಅಲ್ಲಿಯೂ ಇದೆ.

ಈ ವರ್ಷದ ಮಟ್ಟಿಗೆ ಒಂದು ತೀರ್ಮಾನ ಮಾಡಿದ್ದೇನೆ. ಈಗ ತೊಗರಿ ಹೂವಿನಿಂದ ಕಾಯಿಗೆ ಬರುತ್ತಿದೆ. ಡಿಸೆಂಬರ್ 15ರಿಂದ ಜನವರಿಯ ಕೊನೆಯವರೆಗೆ ನಮ್ಮ ದೇವಾಲಯದ ಮುಂದಿನ ಫರ್ಸಿ ಅಂಗಳವನ್ನು ರಾಶಿಗೆ ಬಿಟ್ಟುಕೊಡಲಾಗುವುದು. ಯಾವ ಧರ್ಮದವರು, ಯಾವ ಓಣಿಯವರು ಎಂದು ಕೇಳುವುದಿಲ್ಲ. ಹೆಸರು ಬರೆಸಿ, ಸರದಿಯಂತೆ ಬನ್ನಿ. ಭಾನುವಾರ ಮತ್ತು ಕ್ರಿಸ್ಮಸ್ ದಿನ ಮಾತ್ರ ಪೂಜೆಗೆ ಬರುವವರಿಗೆ ನಡುವೆ ದಾರಿ ಬಿಟ್ಟರೆ ಸಾಕು. ರಸ್ತೆಗೆ ಹೋಗಲೇಬೇಕಾದವರು ಮೂರು ನಿಯಮ ಪಾಲಿಸಿ: ಇಳಿಜಾರು ಮತ್ತು ತಿರುವು ಬೇಡ, ಕಲ್ಲಿನ ಬದಲು ಬಣ್ಣದ ಗೋಣಿಚೀಲ ಇಡಿ, ಸೂರ್ಯ ಮುಳುಗುವ ಮುಂಚೆ ಗುಡಿಸಿ ಎತ್ತಿ. ನಮ್ಮ ಯುವಜನರು ಪ್ರತಿ ಶನಿವಾರ ಸಂಜೆ ಪೊರಕೆ ಹಿಡಿದು ಊರ ಮುಂದಿನ ಇಳಿಜಾರನ್ನು ಗುಡಿಸಲು ಒಪ್ಪಿದ್ದಾರೆ.

ಕ್ರಿಸ್ಮಸ್ ಮುಗಿದ ಮೊದಲ ಶನಿವಾರ ಬೆಳಿಗ್ಗೆ ಆರಕ್ಕೆ ಸೈಕಲ್ಲಿರುವವರೆಲ್ಲ ದೇವಾಲಯದ ಬಾಗಿಲಿಗೆ ಬನ್ನಿ. ಗೂಡ್ಸ್ ಆಟೋ ಮಾಡಿಕೊಂಡು ಮೇಲೆ ಹೋಗಿ, ಎಲ್ಲರೂ ಸೇರಿ ಒಂದು ಸಲ ಇಳಿದು ಬರೋಣ. ಬ್ರೇಕನ್ನು ಹಿಂದಿನ ದಿನವೇ ನಾನು ಸ್ವತಃ ನೋಡುತ್ತೇನೆ. ರಬ್ಬರ್ ಸವೆದ ಸೈಕಲ್ಲಿಗೆ ಪ್ರವೇಶವಿಲ್ಲ.

ಕಳೆದ ಸಲ ನನ್ನನ್ನು ಎತ್ತಿದ ಆ ರೈತನೂ ಬರುತ್ತೇನೆಂದಿದ್ದಾನೆ. ಅವನ ಹೆಸರನ್ನು ಅಂಗಳದ ಸರದಿ ಪುಸ್ತಕದಲ್ಲಿ ಮೊದಲನೆಯದಾಗಿ ಬರೆದುಕೊಂಡಿದ್ದೇನೆ.

ನಿಮ್ಮ ವಿಚಾರಣಾ ಗುರು